ತನ್ನನ್ನೇ ಉಣ್ಣುವ ಜೀವಕೋಶ

ಎಲ್ಲರಿಗೂ ನಮಸ್ಕಾರ. ಈಗ ಒಳಗೆ ಬರುವಾಗ ಒಬ್ಬ ತಾಯಿ ನನ್ನನ್ನು ತಡೆದು ಕೇಳಿದರು: "ಉಪವಾಸ ಮಾಡಿದರೆ ಆಟೋಫೇಜಿ ಆಗಿ ಕ್ಯಾನ್ಸರ್ ತಾನೇ ಕರಗುತ್ತಂತೆ, ಕೀಮೋ ನಿಲ್ಲಿಸಿಬಿಡಲಾ?" ನಿಲ್ಲಿಸಬೇಡಿ ತಾಯಿ. ಬರೆದು ತಂದದ್ದನ್ನು ಬದಿಗಿಟ್ಟು ಅದನ್ನೇ ಮಾತಾಡುತ್ತೇನೆ.

ಆಟೋಫೇಜಿ, ಅಂದರೆ ಸ್ವಭಕ್ಷಣೆ. 1963ರಲ್ಲಿ ಜೀವವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಇಟ್ಟ ಹೆಸರು. ಕೋಶ ತನ್ನೊಳಗಿನ ಸವೆದ ಭಾಗಗಳನ್ನು ಪೊರೆಯ ಚೀಲದಲ್ಲಿ ಸುತ್ತಿ ಲೈಸೋಸೋಮ್ ಎಂಬ ಅರಗಿಸುವ ಕೋಣೆಗೆ ಒಯ್ದು ಅರಗಿಸಿಕೊಳ್ಳುತ್ತದೆ. ಇದು ನಿಮಗೆ ಗೊತ್ತಿರುವುದೇ.

ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರ ಕಥೆ ಮಾತ್ರ ಹೇಳದೆ ಮುಂದೆ ಹೋಗಲಾರೆ. ಅವರು ಹಿಡಿದದ್ದು ಯೀಸ್ಟನ್ನು. ಅದರ ರಸದಾನಿಯಲ್ಲಿ, ಅಂದರೆ ಲೈಸೋಸೋಮಿನ ಕೆಲಸ ಮಾಡುವ ಕೋಣೆಯಲ್ಲಿ, ಎಲ್ಲವೂ ಬೇಗ ಅರಗಿಹೋಗುವುದರಿಂದ ನೋಡಲು ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಅರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ಆರಿಸಿ ಅದನ್ನು ಹಸಿವಿಗೆ ಕೆಡವಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಪುಟ್ಟ ಪುಟ್ಟ ಚೀಲಗಳು, ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕುಣಿಯುತ್ತಾ ಕಂಡವು! ಅಲ್ಲಿಂದ ಹೊರಟು 1993ರ ಹೊತ್ತಿಗೆ ಈ ಕೆಲಸಕ್ಕೆ ಬೇಕಾದ 15 ಜೀನ್‌ಗಳ ಗುರುತು ಹಿಡಿದರು. 2016ರಲ್ಲಿ ನೊಬೆಲ್ ಬಂತು. ಅರಗುವುದನ್ನು ತಡೆದದ್ದರಿಂದಲೇ ಚೀಲ ಕಂಡವು, ಇದನ್ನು ನೆನಪಿಟ್ಟುಕೊಳ್ಳಿ.

ಈಗ ಸ್ತನ ಕ್ಯಾನ್ಸರಿಗೆ ಬರೋಣ. 1999ರಲ್ಲಿ ಅಮೆರಿಕದ ವಿಜ್ಞಾನಿ ಬೆತ್ ಲೆವಿನ್ ಅವರ ತಂಡ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಸ್ವಭಕ್ಷಣೆಗೆ ಬೇಕಾದ ಬೆಕ್ಲಿನ್-1 ಎಂಬ ಪ್ರೋಟೀನ್ ಕಡಿಮೆ ಇರುವುದನ್ನು ಕಂಡಿತು. ಅದನ್ನು ತುಂಬಿಕೊಟ್ಟಾಗ ಸ್ವಭಕ್ಷಣೆ ಚುರುಕಾಯಿತು, ಇಲಿಗಳಲ್ಲಿ ಗಡ್ಡೆ ಕಟ್ಟುವುದು ತಗ್ಗಿತು. ಅಂದರೆ ಇದು ಕಾವಲುಗಾರ ಅಂದುಕೊಂಡೆವು. ಆದರೆ ಬೆಕ್ಲಿನ್-1ರ ಜೀನ್ 17ನೇ ವರ್ಣತಂತುವಿನಲ್ಲಿ, ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್ ಆದ ಬಿಆರ್‌ಸಿಎ-1ರ ನೆರೆಯಲ್ಲೇ ಇದೆ. ಗಡ್ಡೆಯಲ್ಲಿ ಆ ನೆರೆಯ ಜೀನ್ ಕಳೆದುಹೋದಾಗ ಇದೂ ಜೊತೆಗೆ ಹೋಯಿತಷ್ಟೇ, ನೆರೆಮನೆ ಬಿದ್ದಾಗ ಜೊತೆಗೆ ಬಿದ್ದದ್ದೇ ಎಂಬ ವಾದ ಇನ್ನೂ ನಡೆದಿದೆ.

ಗಡ್ಡೆ ಬೆಳೆದ ಮೇಲೆ ಲೆಕ್ಕ ತಿರುಗುತ್ತದೆ. ಅದರ ನಡುಭಾಗಕ್ಕೆ ರಕ್ತ, ಆಮ್ಲಜನಕ ಸಾಲದು. ಆಗ ಕ್ಯಾನ್ಸರ್ ಕೋಶ ತನ್ನನ್ನೇ ಉಂಡು ಬದುಕುತ್ತದೆ. ಸ್ತನ ಕ್ಯಾನ್ಸರಿನ ಔಷಧ ಟ್ಯಾಮಾಕ್ಸಿಫೆನ್‌ನ ಹೊಡೆತವನ್ನೂ ಕೆಲವು ಕೋಶಗಳು ಹೀಗೇ ತಾಳಿಕೊಳ್ಳುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುವುದು: ಸ್ವಭಕ್ಷಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬೇಡಿ. ಯಾವಾಗ, ಯಾರ ಕೋಶದಲ್ಲಿ ಎಂದು ಕೇಳಿ. ಹಸಿದ ಗಡ್ಡೆಗೆ ನಿಮ್ಮ ಉಪವಾಸ ಶಿಕ್ಷೆಯಾಗುತ್ತದೆಂದು ಯಾರು ಭರವಸೆ ಕೊಟ್ಟರು? ಕೀಮೋ ತಡೆದುಕೊಳ್ಳಬೇಕಾದ ನಿಮ್ಮ ಮೈ ಸೊರಗುವುದಂತೂ ಖಂಡಿತ.

ಸಮಯ ಆಯಿತು ಎಂದು ಚೀಟಿ ಬಂತು. ಔಷಧದ ಮಾತು ಚುಟುಕಾಗಿ. ಮಲೇರಿಯಾಕ್ಕೆ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೈಸೋಸೋಮಿನ ಆಮ್ಲೀಯತೆ ತಗ್ಗಿಸಿ ಅರಗುವಿಕೆಗೆ ಅಡ್ಡ ಬರುತ್ತದೆ. ಇದನ್ನು ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ, ಮೂಳೆಮಜ್ಜೆಯಲ್ಲಿ ಬೆಳೆಯದೆ ಸುಮ್ಮನೆ ಮಲಗಿರುವ ಕ್ಯಾನ್ಸರ್ ಕೋಶಗಳ ಮೇಲೂ. ಸ್ವಭಕ್ಷಣೆ ತಡೆಯುವುದು ಇನ್ನೂ ನಿತ್ಯದ ಚಿಕಿತ್ಸೆಯಾಗಿಲ್ಲ, ದಯವಿಟ್ಟು ಯಾರೂ ಈ ಔಷಧವನ್ನು ತಾವಾಗಿ ಕೊಂಡು ನುಂಗಬೇಡಿ.

ಸ್ವಭಕ್ಷಣೆಯನ್ನು ಯಾರಲ್ಲಿ ತಡೆಯಬೇಕೆಂದು ತಿಳಿಯಲು ಅಡಚಣೆ ಎಲ್ಲಿದೆ ಗೊತ್ತೇ? ರೋಗಿಯ ಗಡ್ಡೆಯ ಚೂರಿನಲ್ಲಿ ಚೀಲಗಳು ತುಂಬಿರುವುದು ಕಂಡರೆ, ಹೆಚ್ಚು ಹುಟ್ಟುತ್ತಿವೆಯೋ, ಓಸುಮಿ ಅವರ ಯೀಸ್ಟಿನಂತೆ ಅರಗದೆ ಉಳಿದಿವೆಯೋ, ಒಂದು ನೋಟಕ್ಕೆ ಹೇಳಲಾಗದು. ಉಳಿದ ಚಿತ್ರಗಳನ್ನು ಬಿಡುತ್ತೇನೆ. ಆ ತಾಯಿ ಎಲ್ಲಿದ್ದೀರಿ? ಹೋಗುವ ಮುಂಚೆ ಐದು ನಿಮಿಷ ನನ್ನ ಜೊತೆ ಕೂತುಕೊಳ್ಳಿ.