ಈಗಲೋ, ದಿನಾನೋ?

ಕೇಳುಗರಿಗೆ ನಮಸ್ಕಾರ. ಇಂಗ್ಲಿಷ್ ಕಲಿಯುವವರಿಗಾಗಿ ವರ್ತಮಾನ ಕಾಲದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ವ್ಯಾಕರಣ ಅಂದ ಕೂಡಲೇ ರೇಡಿಯೋ ಆರಿಸೋಕೆ ಕೈ ಹೋಗುತ್ತೆ ಅಂತ ಗೊತ್ತು. ಸ್ವಲ್ಪ ತಡೀರಿ. ನಾನು ಹೇಳೋದು ಒಂದೇ ಮಾತು. ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಈಗಲೋ, ದಿನಾನೋ?

ದಿನಾ ನಡೆಯುವ ಸಂಗತಿ ಆದರೆ ಬರೀ ಕ್ರಿಯಾಪದ ಸಾಕು. ಐ ಕುಕ್. ಐ ಟೀಚ್. ಐ ಲಿವ್ ಇನ್ ತುಮಕೂರು. ಈ ಹೊತ್ತಲ್ಲೇ ನಡೆಯುತ್ತಿದ್ದರೆ ಆ್ಯಮ್, ಈಸ್, ಆರ್ ಸೇರಿಸಿ, ಕ್ರಿಯಾಪದದ ಕೊನೆಗೆ ಇಂಗ್ ಹಚ್ಚಿ. ಐ ಆ್ಯಮ್ ಕುಕಿಂಗ್ ಅಂದರೆ ಒಲೆ ಮೇಲೆ ಪಾತ್ರೆ ಇದೆ ಅಂತ. ಐ ಕುಕ್ ಅಂದರೆ ಅಡುಗೆ ಮಾಡೋಳು ನಾನೇ ಅಂತ. ಆಗ ನೀವು ಬಸ್ಸಲ್ಲಿ ಕೂತಿದ್ದರೂ ಮಾತು ಸರಿ.

ಇಷ್ಟು ಸುಲಭ ಇದ್ದರೂ ನಾವು ಎಡವೋದು ಯಾಕೆ? ನಮ್ಮ ಕನ್ನಡ ಇಲ್ಲಿ ಉದಾರಿ. 'ಬ್ಯಾಂಕಲ್ಲಿ ಕೆಲಸ ಮಾಡ್ತಾ ಇದ್ದೀನಿ' ಅಂತ ಮೊನ್ನೆ ಸೇರಿದವರೂ ಹೇಳುತ್ತಾರೆ, ನಿವೃತ್ತಿಗೆ ಬಂದವರೂ ಹೇಳುತ್ತಾರೆ. ನಮಗೆ ಅದು ಸರಿಯಾಗೇ ಇದೆ. ಅದನ್ನೇ ಎತ್ತಿ ಐ ಆ್ಯಮ್ ವರ್ಕಿಂಗ್ ಇನ್ ಎ ಬ್ಯಾಂಕ್ ಅಂದರೆ, ಲಂಡನ್ನಿನವರ ಕಿವಿಗೆ 'ಸದ್ಯಕ್ಕೆ ಅಲ್ಲಿದ್ದೀನಿ, ಮುಂದೆ ನೋಡೋಣ' ಅಂತ ಕೇಳಿಸುತ್ತೆ. ಐ ವರ್ಕ್ ಇನ್ ಎ ಬ್ಯಾಂಕ್ ಅನ್ನಿ. ಮುಗೀತು.

ಇದಕ್ಕೆ ಒಂದು ಪ್ರಸಂಗ ಹೇಳಲೇಬೇಕು. ಕೊಪ್ಪದ ಕಡೆ ಹೋಮ್‌ಸ್ಟೇ ನಡೆಸುವ ಒಬ್ಬ ಮಹಿಳೆ ನನ್ನ ತರಗತಿಗೆ ಬರುತ್ತಿದ್ದರು. ಅಡಿಕೆ ತೋಟ, ಸ್ವಲ್ಪ ಕಾಫಿ, ಹಳೇ ಮನೆ. ಪೂರಾ ಸಸ್ಯಾಹಾರಿಗಳು. ಅವರ ಮನೆಗೆ ಇಂಗ್ಲೆಂಡಿನಿಂದ ವಯಸ್ಸಾದ ಗಂಡ ಹೆಂಡತಿ ಬಂದು ಇಳಿದರು. ಮೊದಲ ದಿನವೇ ಆ ಹೆಂಗಸು ಹೇಳಿದ್ದಾರೆ: ಐ ಡೋಂಟ್ ಡ್ರಿಂಕ್ ಕಾಫಿ. ನಮ್ಮ ಯಜಮಾನಿಗೆ ಅದು 'ಕಾಫಿ ಕುಡಿಯಲ್ಲ' ಅಂತ ಅರ್ಥವಾಯಿತು. ತಪ್ಪೇನಿಲ್ಲ. ಆದರೆ ಮಲೆನಾಡಿನಲ್ಲಿ ಕುಡಿಯಲ್ಲ ಅಂದರೆ 'ಈಗ ಬೇಡ' ಅಂತ ತಾನೇ? ನೆಂಟರು ಸಂಕೋಚಕ್ಕೆ ಹೇಳುವ ಮಾತು. ಒಂದು ಗಂಟೆ ಬಿಟ್ಟು ಮತ್ತೆ ಕೇಳಬೇಕು. ಕೇಳಲೂ ಹೋಗಲಿಲ್ಲ ಇವರು, ನೇರ ತಂದೇ ಕೊಟ್ಟರು. ಸಂಜೆ ಒಂದು ಲೋಟ. ಬೆಳಿಗ್ಗೆ ಕಡುಬಿನ ಜೊತೆ ಇನ್ನೊಂದು. ತೋಟ ಸುತ್ತಿ ಬಂದ ಮೇಲೆ, ಬೆಲ್ಲ ಹಾಕಿದ್ದು, ಮಗದೊಂದು. ಆ ಹೆಂಗಸು ಪಾಪ ಥ್ಯಾಂಕ್ಯೂ ಅಂದು ಇಸಕೊಂಡು, ಯಾರೂ ಇಲ್ಲದಾಗ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರಂತೆ. ಇದನ್ನು ಕಂಡುಹಿಡಿದದ್ದು ಮನೆಯ ಅಜ್ಜಿ.

ಅಷ್ಟಕ್ಕೇ ಮುಗಿಯಲಿಲ್ಲ. ಇವರೂ ಮೊದಲ ದಿನ ಒಂದು ಮಾತು ಹೇಳಿದ್ದರು: ವಿ ಆರ್ ನಾಟ್ ಈಟಿಂಗ್ ಎಗ್. ಇವರ ಮನಸ್ಸಲ್ಲಿ 'ನಾವು ಮೊಟ್ಟೆ ತಿನ್ನೋರಲ್ಲ' ಅಂತ. ಆ ದಂಪತಿಗೆ ಕೇಳಿಸಿದ್ದು 'ಸದ್ಯಕ್ಕೆ ಮೊಟ್ಟೆ ತಿನ್ನುತ್ತಿಲ್ಲ' ಅಂತ. ಏನೋ ವ್ರತ ಇರಬೇಕು, ಇಲ್ಲಾ ಡಾಕ್ಟರು ಹೇಳಿರಬೇಕು ಅಂದುಕೊಂಡರು. ಹೊರಡುವ ಹಿಂದಿನ ದಿನ ಮನೆ ಮಗಳ ಹುಟ್ಟುಹಬ್ಬ. ಅಷ್ಟು ಹೊತ್ತಿಗೆ ವ್ರತ ಮುಗಿದಿರುತ್ತೆ ಅಂತ ಲೆಕ್ಕ ಹಾಕಿ, ಚಿಕ್ಕಮಗಳೂರಿಗೆ ಕಾರು ಮಾಡಿಕೊಂಡು ಹೋಗಿ, ಗುಲಾಬಿ ಬಣ್ಣದ ಕ್ರೀಮಿನ ದೊಡ್ಡ ಕೇಕ್ ತಂದರು. ಮೊಟ್ಟೆ ಹಾಕಿದ್ದು! ಜಗಲಿ ಮೇಲೆ ಡಬ್ಬ ತೆರೆದಿಟ್ಟಿದೆ, ಅಜ್ಜಿ ಒಳಗಿಂದ ಬರ್ತಾ ಇದ್ದಾರೆ. ಕೇಕು ಹಿತ್ತಲ ಬಾಗಿಲಿಂದ ತೋಟದ ಕೆಲಸದವರ ಮಕ್ಕಳಿಗೆ ಹೋಯಿತು. ಮಕ್ಕಳಿಗಂತೂ ಹಬ್ಬ.

ವಿ ಡೋಂಟ್ ಈಟ್ ಎಗ್ಸ್. ಇಷ್ಟೇ ಬೇಕಿತ್ತು. ಈಗಲೋ, ದಿನಾನೋ? ಮೊಟ್ಟೆ ತಿನ್ನದಿರೋದು ದಿನಾ. ಹಾಗಾದರೆ ಇಂಗ್ ಬೇಡ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಗೊತ್ತಿರೋದು, ಬೇಕಾಗಿರೋದು, ಇಷ್ಟ ಇರೋದು, ನಮ್ಮ ಹತ್ತಿರ ಇರೋದು, ಇವಕ್ಕೆ ಇಂಗ್ ಹಚ್ಚಲೇಬೇಡಿ. ಐ ನೋ. ಐ ವಾಂಟ್. ಐ ಹ್ಯಾವ್ ಟೂ ಚಿಲ್ಡ್ರನ್. ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್ ಅಂದರೆ ಈಗ ಹೆರಿಗೆ ಕೋಣೆಯಲ್ಲಿ ಇದ್ದೀರಾ ಅಂತ ಕೇಳಿಯಾರು!

ಇನ್ನು ಹೀ, ಶೀ, ಇಟ್ ಬಂದಾಗ ಕೊನೆಗೆ ಒಂದು ಎಸ್. ಹೀ ವರ್ಕ್ಸ್, ಶೀ ವರ್ಕ್ಸ್. ಇದು ಕಷ್ಟ ಅಂತ ಎಲ್ಲರೂ ಗೊಣಗುತ್ತಾರೆ. ನನಗೆ ನಿಜಕ್ಕೂ ಅರ್ಥವಾಗಲ್ಲ. ಬರ್ತೀನಿ, ಬರ್ತೀವಿ, ಬರ್ತೀಯ, ಬರ್ತೀರ, ಬರ್ತಾನೆ, ಬರ್ತಾಳೆ, ಬರುತ್ತೆ, ಬರ್ತಾರೆ. ಎಂಟು ಬಾಲ ಇರುವ ಭಾಷೆಯನ್ನು ಮೂರು ವರ್ಷದ ಮಗು ತಡವರಿಸದೆ ಆಡುತ್ತೆ. ಇಂಗ್ಲಿಷಿನಲ್ಲಿ ಉಳಿದಿರೋದು ಒಂದೇ ಬಾಲ. 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದರೆ ಹೀ ಗೋಯೆತ್, ಹೀ ಕಮೆತ್ ಅಂತ ಕಾಣುತ್ತೆ. ಆ ಎತ್ ಹೋಗಿ ಪುಟ್ಟ ಎಸ್ ಉಳಿಯಿತು. ಅದನ್ನೂ ನುಂಗಬೇಡಿ.

'ನಾಳೆ ಫೋನ್ ಮಾಡ್ತೀನಿ' ಅನ್ನೋದಕ್ಕೆ ಐ ಕಾಲ್ ಯು ಟುಮಾರೋ ಬೇಡ. ಅದು ನಾಳೆಯ ಮಾತು, ವಿಲ್ ಬೇಕು: ಐ ವಿಲ್ ಕಾಲ್ ಯು.

ಕ್ರಿಕೆಟ್ ಕಾಮೆಂಟರಿಯಲ್ಲಿ ಕಣ್ಣೆದುರೇ ಆಟ ನಡೆಯುವಾಗಲೂ ಹೀ ಹಿಟ್ಸ್ ಅಂತಾರಲ್ಲ, ಯಾಕೆ ಅಂತ ಪ್ರತಿ ತರಗತಿಯಲ್ಲೂ ಒಬ್ಬರು ಕೇಳುತ್ತಾರೆ. ಸ್ವಾಮಿ, ನಿಮ್ಮನ್ನು ಕಾಮೆಂಟರಿಗೆ ಕರೆದ ದಿನ ಬನ್ನಿ, ಹೇಳಿಕೊಡುತ್ತೇನೆ. ಅಲ್ಲಿಯ ತನಕ ಮನೆಯವರ ಬಗ್ಗೆ ಮಾತಾಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರ ಮೇಲೆ ಎರಡು ವಾಕ್ಯ. ಅವರು ದಿನಾ ಏನು ಮಾಡುತ್ತಾರೆ, ಈಗ ಏನು ಮಾಡುತ್ತಿದ್ದಾರೆ. ಮೈ ಸನ್ ಸ್ಟಡೀಸ್ ಇನ್ ಟೆಂತ್. ಹೀ ಈಸ್ ಲುಕಿಂಗ್ ಅಟ್ ಹಿಸ್ ಮೊಬೈಲ್. ಗಟ್ಟಿಯಾಗಿ ಹೇಳಿ, ಮಗನಿಗೂ ಕೇಳಲಿ. ನಮಸ್ಕಾರ.