ಖುಲಾಸೆ ಆದ್ಮೇಲೆ ಸರ್ಕಾರದ ಅಪೀಲು: ಕಸ್ಟಮ್ಸ್ ಕೇಸು ಸೋಲೋದು ಎಲ್ಲಿ?

ಎಲ್ರಿಗೂ ನಮಸ್ಕಾರ. ಒಂದು ಹಳೇ ಕೇಸಿಂದ ಶುರು ಮಾಡ್ತೀನಿ. 1962ರ ನವೆಂಬರ್ ಕೊನೇ ವಾರ, ಜ್ಯೂರಿಕ್‌ನಿಂದ ಮನಿಲಾಗೆ ಹೊರಟಿದ್ದ ವಿಮಾನ ಮುಂಬೈ ಸಾಂತಾಕ್ರೂಜ್‌ನಲ್ಲಿ ನಿಂತಿತ್ತು, ಒಬ್ಬ ಜರ್ಮನ್ ಪ್ರಯಾಣಿಕ ಕೆಳಗೆ ಇಳೀದೆ ಸೀಟಲ್ಲೇ ಕೂತಿದ್ದ, ಕಸ್ಟಮ್ಸ್‌ನವ್ರು ಒಳಗೆ ಹೋಗಿ ನೋಡಿದ್ರೆ ಜಾಕೆಟ್ ಒಳಗೆ ಸುಮಾರು 34 ಕೆಜಿ ಚಿನ್ನ! ಭಾರತದ ಮೂಲಕ ಚಿನ್ನ ಸಾಗಿಸೋ ಬಗ್ಗೆ ರಿಸರ್ವ್ ಬ್ಯಾಂಕ್ ನಿಯಮ ಬದಲಾಯಿಸಿದ ನೋಟಿಫಿಕೇಶನ್ ಗೆಜೆಟ್‌ನಲ್ಲಿ ಬಂದಿದ್ದು ನವೆಂಬರ್ 24ಕ್ಕೆ, ಅವನು ಹೊರಟಿದ್ದು 27ಕ್ಕೆ. ಅಂಥ ನಿಯಮ ಬಂದಿದ್ದೇ ಅವನಿಗೆ ಗೊತ್ತಿರ್ಲಿಲ್ಲ ಅನ್ನೋದು ಅವನ ಪರ ವಾದ. ಮ್ಯಾಜಿಸ್ಟ್ರೇಟ್ ಒಂದು ವರ್ಷ ಶಿಕ್ಷೆ ಕೊಟ್ರು, ಬಾಂಬೆ ಹೈಕೋರ್ಟ್ ಬಿಟ್ಟುಬಿಡ್ತು, ಮಹಾರಾಷ್ಟ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. ಅಲ್ಲಿ ಇಬ್ರು ಜಡ್ಜ್‌ಗಳು ತಪ್ಪಿತಸ್ಥ ಅಂದ್ರು, ಜಸ್ಟಿಸ್ ಸುಬ್ಬರಾವ್ ಒಬ್ರು ಒಪ್ಪಲಿಲ್ಲ. ಕೊನೆಗೆ, ಅಷ್ಟೊತ್ತಿಗೆ ಅವನು ಅನುಭವಿಸಿದ್ದ ಜೈಲೇ ಸಾಕು ಅಂತ ಮುಗಿಸಿದ್ರು. ಮೊಕದ್ದಮೆ ವಿದೇಶಿ ವಿನಿಮಯ ಕಾಯ್ದೆ ಕೆಳಗಿದ್ರೂ ಲಾ ಕಾಲೇಜಲ್ಲಿ ಇವತ್ತಿಗೂ ಪಾಠ ಮಾಡೋ ಕೇಸು ಇದು.

ಆದ್ರೆ ಅಲ್ಲಿ ಜಗಳ ಇದ್ದಿದ್ದು ಕಾನೂನಿನ ಅರ್ಥದ ಬಗ್ಗೆ, ಚಿನ್ನ ಸಿಕ್ಕಿದ್ದನ್ನ ಯಾರೂ ಅಲ್ಲಗಳೆದಿರ್ಲಿಲ್ಲ. ಸಾಮಾನ್ಯವಾಗಿ ಕೇಸು ಬಿದ್ದೋಗೋದು ಸಾಕ್ಷ್ಯದಲ್ಲಿ, ಅದನ್ನ ಅಪೀಲಲ್ಲಿ ಎತ್ತಿ ನಿಲ್ಲಿಸೋದು ತುಂಬಾ ಕಷ್ಟ.

ಯಾಕೆ ಅಂದ್ರೆ, ಖುಲಾಸೆ ಆದವನಿಗೆ ಡಬಲ್ ರಕ್ಷಣೆ. ಮೊದ್ಲಿಂದ್ಲೂ ಅವನು ನಿರಪರಾಧಿ ಅನ್ನೋ ಊಹೆ ಇರುತ್ತೆ, ಕೋರ್ಟು ಬಿಟ್ಟ ಮೇಲೆ ಅದು ಇನ್ನೂ ಗಟ್ಟಿ ಆಗುತ್ತೆ. ನಮ್ಮ ಕರ್ನಾಟಕದಿಂದ್ಲೇ ಹೋದ 2007ರ ಚಂದ್ರಪ್ಪ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ: ಅಪೀಲು ಕೋರ್ಟು ಇಡೀ ಸಾಕ್ಷ್ಯ ಮತ್ತೆ ತೂಗಿ ನೋಡ್ಬಹುದು, ಅದಕ್ಕೆ ಅಡ್ಡಿ ಇಲ್ಲ, ಆದ್ರೆ ಅದೇ ಸಾಕ್ಷ್ಯದಿಂದ ಎರಡು ಥರ ತೀರ್ಮಾನಕ್ಕೆ ಬರೋಕೆ ಆಗತ್ತೆ ಅನ್ನೋದಾದ್ರೆ ಕೆಳಗಿನ ಕೋರ್ಟು ಬಿಟ್ಟಿದ್ದನ್ನ ಕೆಡಿಸ್ಬಾರ್ದು.

ಹಾಗಾಗಿ ಕಸ್ಟಮ್ಸ್ ಕೇಸಿನ ಹಣೆಬರಹ ನಿರ್ಧಾರ ಆಗೋದು ಜಪ್ತಿ ದಿನಾನೇ ಅಂತ ನಾನು ನಂಬ್ತೀನಿ. ಕಸ್ಟಮ್ಸ್ ಕಾಯ್ದೆ 123ನೇ ಸೆಕ್ಷನ್ ಎಂಥಾ ಅಸ್ತ್ರ ನೋಡಿ, ಚಿನ್ನ, ವಾಚು ಇಂಥವನ್ನ ಕಳ್ಳಸಾಗಣೆ ಮಾಲು ಅಂತ ನಂಬೋಕೆ ಕಾರಣ ಇದ್ದು ಜಪ್ತಿ ಮಾಡಿದ್ರೆ, ಅಲ್ಲ ಅಂತ ತೋರಿಸೋ ಭಾರ ಆರೋಪಿ ಮೇಲೇ ಬೀಳುತ್ತೆ. ಆದ್ರೆ ಜಪ್ತಿ ಆ ಕಾಯ್ದೆ ಕೆಳಗೇ ಆಗಿರ್ಬೇಕು! ಪೊಲೀಸ್ರು ಹಿಡಿದು ಆಮೇಲೆ ಕಸ್ಟಮ್ಸ್‌ಗೆ ಕೊಟ್ಟ ಚಿನ್ನಕ್ಕೆ ಆ ಅನುಕೂಲ ಸಿಗಲ್ಲ ಅಂತ ಹಳೇ ಸೀ ಕಸ್ಟಮ್ಸ್ ಕಾಯ್ದೆ ಕಾಲದ ಗ್ಯಾನ್ ಚಂದ್ ಕೇಸಲ್ಲೇ ತೀರ್ಮಾನ ಆಗಿದೆ. ಹಾಗಂತ ಪೊಲೀಸ್ ಹಿಡಿದ್ರೆ ಕೇಸೇ ಮುಗೀತು ಅಂತಲ್ಲ, 1980ರ ನಟವರ್‌ಲಾಲ್ ಸೋನಿ ಕೇಸಲ್ಲಿ ವಿದೇಶಿ ಮಾರ್ಕು, ಪ್ರಮಾಣ, ಬಚ್ಚಿಟ್ಟ ರೀತಿ ಇವನ್ನೆಲ್ಲಾ ಸೇರಿಸಿ ನೋಡಿ ಹೈಕೋರ್ಟ್ ಕೊಟ್ಟ ಖುಲಾಸೆಯನ್ನ ಸುಪ್ರೀಂ ಕೋರ್ಟ್ ರದ್ದು ಮಾಡ್ತು.

ಇನ್ನು ಮಹಜರು. ಎಷ್ಟೊತ್ತಿಗೆ ಶುರುವಾಯ್ತು, ತೂಕ ಮಾಡಿದ್ದು ಯಾರು, ಸೀಲು ಯಾರ ಹತ್ರ ಉಳೀತು, ಪಂಚರು, ಅಂದ್ರೆ ಜಪ್ತಿಗೆ ಸಾಕ್ಷಿಯಾಗಿ ಕರೆಸಿದವ್ರು, ನಿಜವಾಗ್ಲೂ ಅಲ್ಲಿದ್ರಾ ಅಥವಾ ಆಮೇಲೆ ಸಹಿ ಹಾಕಿದ್ರಾ? ವರ್ಷಗಟ್ಲೆ ಆದ್ಮೇಲೆ ಪಂಚ ಕಟಕಟೆಗೆ ಬಂದು ನಂಗೇನೂ ಗೊತ್ತಿಲ್ಲ, ಸಹಿ ಮಾತ್ರ ನಂದು ಅಂತಾನೆ, ಆಗ ಆ ಕಾಗದ ಅಧಿಕಾರಿ ಮಾತಿನ ಬಲದ ಮೇಲೇ ನಿಲ್ಬೇಕು. ಕಸ್ಟಮ್ಸ್ ಕಾಯ್ದೆ 108ನೇ ಸೆಕ್ಷನ್ ಕೆಳಗೆ ಅಧಿಕಾರಿ ಮುಂದೆ ಕೊಟ್ಟ ಹೇಳಿಕೆ ಇದ್ಯಲ್ಲಾ ಅಂತೀರಿ. ಕಸ್ಟಮ್ಸ್ ಅಧಿಕಾರಿ ಪೊಲೀಸ್ ಅಲ್ಲ, ಹಾಗಾಗಿ ಅದನ್ನ ಸಾಕ್ಷ್ಯವಾಗಿ ಬಳಸ್ಬಹುದು, ಸರಿ. 1997ರ ಪಾವುಣ್ಣಿ ಕೇಸಲ್ಲಿ ಆರೋಪಿ ಆಮೇಲೆ ಹಿಂತೆಗೆದುಕೊಂಡ ಹೇಳಿಕೆ ಮೇಲೂ ಶಿಕ್ಷೆ ನಿಂತಿದೆ, ಅಲ್ಲೂ ವಿಚಾರಣಾ ಕೋರ್ಟು ಬಿಟ್ಟಿದ್ದವನನ್ನೇ ಕೇರಳ ಹೈಕೋರ್ಟ್ ತಪ್ಪಿತಸ್ಥ ಅಂದಿದ್ದು. ಆದ್ರೆ ಸ್ವಇಚ್ಛೆಯಿಂದ ಕೊಟ್ಟಿದ್ದು ಅಂತ ಕೋರ್ಟಿಗೆ ಮನವರಿಕೆ ಆಗ್ಬೇಕು. ರಾತ್ರಿಯಿಡೀ ಕೂರಿಸ್ಕೊಂಡು ಬರೆಸಿದ ಹೇಳಿಕೆ ಅಂತ ದಾಖಲೆಯಲ್ಲೇ ಕಂಡ್ರೆ ಯಾವ ಜಡ್ಜ್ ನಂಬ್ತಾರೆ ಹೇಳಿ.

1987ರ ಪೋರ್ವಾಲ್ ಕೇಸಲ್ಲಿ, ಆರ್ಥಿಕ ಅಪರಾಧ ತಣ್ಣಗೆ ಲೆಕ್ಕ ಹಾಕಿ ಮಾಡೋದು, ಅದ್ರಿಂದ ಇಡೀ ಸಮಾಜಕ್ಕೇ ಪೆಟ್ಟು ಅಂತ ಸುಪ್ರೀಂ ಕೋರ್ಟ್ ಹೇಳಿ ಸರ್ಕಾರಕ್ಕೆ ಹೆಚ್ಚುವರಿ ಸಾಕ್ಷ್ಯ ಕೊಡೋಕೆ ಅವಕಾಶ ಕೊಟ್ಟಿತ್ತು. ಆ ಮಾತು ನಾನು ಪೂರ್ತಿ ಒಪ್ತೀನಿ. ಆದ್ರೆ ಇಲಾಖೆ ಎಲ್ಲಾ ಕೇಸಲ್ಲೂ ಅಂಥ ಎರಡನೇ ಚಾನ್ಸ್ ಸಿಗುತ್ತೆ ಅಂತ ಕೂತ್ರೆ ತಪ್ಪು.

ಟೈಮ್ ವಿಷ್ಯಕ್ಕೆ ಬರೋಣ. ದೂರು ಕೊಟ್ಟವರು ಸರ್ಕಾರಿ ನೌಕರರಾದ್ರೆ ಖುಲಾಸೆ ವಿರುದ್ಧ ಅಪೀಲು ಹಾಕೋಕೆ ಹೈಕೋರ್ಟಿನ ವಿಶೇಷ ಅನುಮತಿ ಕೇಳೋಕೆ 6 ತಿಂಗಳು, ಬೇರೆಯವ್ರಿಗೆ 60 ದಿನ. ಮೊದ್ಲು ಇದು ಸಿಆರ್‌ಪಿಸಿ, ಅಂದ್ರೆ ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯ 378ನೇ ಸೆಕ್ಷನ್‌ನಲ್ಲಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 419ನೇ ಸೆಕ್ಷನ್‌ನಲ್ಲಿದೆ. ಆರು ತಿಂಗಳು ಕೊಟ್ರೂ ಫೈಲು ಟೇಬಲ್‌ನಿಂದ ಟೇಬಲ್‌ಗೆ ಓಡಾಡಿ ತಡ ಆದ್ರೆ, ಆಮೇಲೆ ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ ಹಾಕ್ಬೇಕು. ಆ ಕಡೆ ಬಿಡುಗಡೆ ಆದವನು ಕೆಲಸ, ಮನೆ ಅಂತ ಬದುಕು ಕಟ್ಕೊಂಡಿರ್ತಾನೆ, ಅಪೀಲು ದಾಖಲಾದ್ರೆ ಅವನನ್ನ ಮತ್ತೆ ಹಿಡಿಸಿ ತರಿಸೋ ವಾರಂಟ್ ಹೊರಡಿಸೋ ಅಧಿಕಾರನೂ ಹೈಕೋರ್ಟಿಗಿದೆ. ಅದಕ್ಕೇ ಅಪೀಲಿಗೆ ಸಹಿ ಹಾಕೋರು ಮೊದ್ಲು ಆ ಮಹಜರನ್ನ ಕೈಗೆ ತಗೊಂಡು ಮೊದಲ ಸಾಲಿಂದ ಓದ್ಲಿ, ಅದ್ರಲ್ಲೇ ತೂತಿದ್ರೆ ಫೈಲು ಅಲ್ಲಿಗೇ ಮುಚ್ಲಿ ಅಂತ ಕೇಳ್ಕೊಳ್ತೀನಿ. ಈಗ ನಿಮ್ಮ ಪ್ರಶ್ನೆಗಳಿದ್ರೆ ಕೇಳಿ.