ಹಳೇ ಸಿಮ್ ಬಿಡುವ ಮೊದಲು ಜಿಮೇಲ್ ನೋಡಿ

ಹೊಸ ಫೋನಿನಲ್ಲಿ ಜಿಮೇಲ್ ತೆರೆಯಲಿಕ್ಕೆ ಹೋದಾಗ ಗೂಗಲ್ ಒಳಗೆ ಬಿಡದೆ ಸ್ಕ್ರೀನಿನಲ್ಲಿ ಒಂದು ಸಾಲು ತೋರಿಸ್ತದೆ. ಈ ಖಾತೆ ನಿಮ್ಮದೇ ಅಂತ ಗೂಗಲ್‌ಗೆ ಖಚಿತ ಮಾಡಿಕೊಳ್ಳಲಿಕ್ಕೆ ಆಗಲಿಲ್ಲ, ಇಷ್ಟೇ ಅದರ ಅರ್ಥ. ಪಾಸ್‌ವರ್ಡ್ ಸರಿಯೇ ಉಂಟು. ಆದರೆ ಫೋನು ಹೊಸದು, ಊರು ಹೊಸದು. ಹಾಗಾಗಿ ಅದಕ್ಕೆ ಸಂಶಯ ಬಂದು ಕೋಡ್ ಕೇಳ್ತಾ ಉಂಟು. ಆ ಕೋಡ್ ಹೋಗುವುದು ಎಂದೋ ಬಿಟ್ಟ ಹಳೇ ಸಿಮ್ಮಿಗೆ.

ನಮ್ಮ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಇದು ಆಗಲಿಕ್ಕೆ ಕಾರಣ ಎರಡು. ಮಂಗಳೂರಿಗೆ ಕಲಿಯಲಿಕ್ಕೆ ಹೋದವರು ಕರ್ನಾಟಕದ ಸಿಮ್ ತೆಗೆದುಕೊಂಡು ಕೇರಳದ್ದನ್ನು ಬಿಡ್ತಾರೆ. ಗಲ್ಫಿಗೆ ಹೋದವರ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಮೇಜಿನ ಡ್ರಾವರಿನಲ್ಲಿ ಉಳೀತದೆ. 90 ದಿನ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿ ಕಡಿದು ಹಾಕಬಹುದು. ಪೂರ್ತಿ ಕಡಿದ ಮೇಲೆ ಇನ್ನೊಂದು 90 ದಿನ ಕಳೆದರೆ ಅದೇ ನಂಬರು ಬೇರೆಯವರಿಗೆ ಹೋಗಬಹುದು. ಆಮೇಲೆ ನಿಮ್ಮ ಜಿಮೇಲಿನ ಕೋಡ್ ಬರುವುದು ಗುರುತಿಲ್ಲದ ಯಾರದೋ ಫೋನಿಗೆ.

ಮಂಗಳೂರಿಗೋ ಬೆಂಗಳೂರಿಗೋ ಹೋಗುವವರು ನಂಬರು ಬಿಡಬೇಕಾದ ಅಗತ್ಯವೇ ಇಲ್ಲ. 2015ರ ಜುಲೈಯಿಂದ ಕೇರಳದ ನಂಬರನ್ನು ಹಾಗೇ ಇಟ್ಟುಕೊಂಡು ಕರ್ನಾಟಕಕ್ಕೆ ಪೋರ್ಟ್ ಮಾಡಬಹುದು. ಇಂಗ್ಲಿಷಿನಲ್ಲಿ ‘ಪೋರ್ಟ್’ ಅಂತ ಬರೆದು, ಒಂದು ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಮೆಸೇಜ್ ಮಾಡಿದರೆ ಪೋರ್ಟಿಂಗ್ ಕೋಡ್ ಬರ್ತದೆ. ಗಲ್ಫಿಗೆ ಹೋಗುವವರು ವಿಮಾನ ಹತ್ತುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಅಲ್ಲಿ ಮೆಸೇಜ್ ಬರ್ತದಾ ಅಂತ ಒಮ್ಮೆ ನೋಡಿ. ಅಷ್ಟಕ್ಕೇ ಬಿಡಬೇಡಿ. ಸಿಮ್ಮನ್ನೇ ನಂಬಿ ಕೂರುವುದು ಸರಿಯಲ್ಲ, ಆ ವಿಷಯ ಈಗಲೇ ಬರ್ತದೆ.

ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವ ಕೇರಳ ಪಿಎಸ್‌ಸಿಯ ತುಳಸಿ ಪ್ರೊಫೈಲಿಗೋ ಬೇರೆ ಅರ್ಜಿಗೋ ಅಂತ ಅಂಗಡಿಯಲ್ಲಿ ಕೂತು ಮಾಡಿಸಿದ ಇಮೇಲ್ ನಿಮ್ಮಲ್ಲಿ ಉಂಟಾ? ಹಾಗಾದರೆ ಇವತ್ತೇ ತೆರೆದು ನೋಡಿ. ರಿಕವರಿ ನಂಬರಿನ, ಅಂದರೆ ಖಾತೆ ಲಾಕ್ ಆದರೆ ಗೂಗಲ್ ಕೋಡ್ ಕಳಿಸುವ ನಂಬರಿನ ಜಾಗದಲ್ಲಿ ಅಂಗಡಿಯವರ ನಂಬರು ಇರಬಹುದು. ಅವರು ಕೆಟ್ಟ ಉದ್ದೇಶದಿಂದ ಹಾಕಿದ್ದಲ್ಲ, ಕೆಲಸ ಬೇಗ ಮುಗಿಯಲಿ ಅಂತ ಹಾಕಿರ್ತಾರೆ. ಆದರೆ ನಾಳೆ ಖಾತೆ ಲಾಕ್ ಆದರೆ ಕೀಲಿಕೈ ಇರುವುದು ಅವರ ಜೇಬಿನಲ್ಲಿ.

ನೋಡುವುದು ಹೀಗೆ. ಜಿಮೇಲಿನಲ್ಲಿ ಬಲಗಡೆ ಮೇಲೆ ಇರುವ ನಿಮ್ಮ ಫೋಟೋ ಒತ್ತಿ, ಗೂಗಲ್ ಅಕೌಂಟಿಗೆ ಹೋಗಿ, ಸೆಕ್ಯುರಿಟಿ ತೆರೆಯಿರಿ. ರಿಕವರಿ ಫೋನ್, ರಿಕವರಿ ಇಮೇಲ್ ಎರಡನ್ನೂ ಓದಿ. ನಂಬರು ಬದಲಿಸಿದ ಮೇಲೂ 7 ದಿನದವರೆಗೆ ಗೂಗಲ್ ಹಳೇ ನಂಬರಿಗೆ ಕೋಡ್ ಕಳಿಸಬಹುದು. ಹಾಗಾಗಿ ಹಳೇ ಸಿಮ್ಮನ್ನು ಆ ಒಂದು ವಾರ ಬಿಸಾಡಬೇಡಿ. ಕಳ್ಳರು ಖಾತೆಗೆ ನುಗ್ಗಿ ನಂಬರು ಬದಲಿಸಿದ್ದರೆ ಇದೇ 7 ದಿನ ನಿಮ್ಮ ಸಹಾಯಕ್ಕೆ ಬರ್ತದೆ, ಗೊತ್ತಾದ ಕೂಡಲೇ ರಿಕವರಿಗೆ ಕೂರಬೇಕು.

ರಿಕವರಿ ಇಮೇಲಿನಲ್ಲಿ ಇನ್ನೊಂದು ತೊಡಕು ಉಂಟು. ಅಲ್ಲಿ ಹಳೇ ಯಾಹೂ ವಿಳಾಸ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಯಾಹೂವನ್ನು 12 ತಿಂಗಳು ತೆರೆಯದಿದ್ದರೆ ಅದೇ ನಿಷ್ಕ್ರಿಯ ಆಗಬಹುದು. ಗೂಗಲ್ ತನ್ನ ಖಾತೆಗಳಿಗೆ ಕೊಡುವುದು 2 ವರ್ಷ. ಆ ನಿಯಮದಂತೆ ಅಳಿಸುವ ಕೆಲಸ 2023ರ ಡಿಸೆಂಬರಿನಲ್ಲಿ ಶುರುವಾಗಿದೆ. ಇನ್ನು ಕೆಲವರು ಎರಡು ಜಿಮೇಲ್ ಮಾಡಿ ಒಂದಕ್ಕೊಂದನ್ನು ರಿಕವರಿ ಕೊಟ್ಟು, ಎರಡಕ್ಕೂ ಒಂದೇ ನಂಬರು ಹಾಕ್ತಾರೆ. ಆ ನಂಬರು ಹೋದ ದಿನ ಎರಡೂ ಒಟ್ಟಿಗೆ ಹೋಗಬಹುದು. ಮನೆಯಲ್ಲಿ ದಿನಾ ಮೇಲ್ ನೋಡುವ ಒಬ್ಬರ ವಿಳಾಸ ಕೊಡುವುದು ಒಳ್ಳೇದು.

ಈಗ ಕಾಗದದ ಕೆಲಸ. ಅದೇ ಸೆಕ್ಯುರಿಟಿಯಲ್ಲಿ ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡಿನ ಮೇಲೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ, ಆನ್ ಮಾಡಿದ ಮೇಲೆ ಬ್ಯಾಕಪ್ ಕೋಡ್ ಅಂತ ಒಂದು ಸಾಲು ಸಿಗ್ತದೆ. ಮೆಸೇಜ್ ಬಾರದಾಗ ಅದರ ಬದಲು ಹಾಕುವ ಕೋಡ್ ಇದು. ಒತ್ತಿದರೆ 10 ಕೋಡ್ ಬರ್ತದೆ, ಒಂದೊಂದರಲ್ಲಿ 8 ಅಂಕಿ, ನಾಲ್ಕು ನಾಲ್ಕಾಗಿ ಬಿಡಿಸಿ ಬರೆದಿರ್ತದೆ. ಒಂದು ಕೋಡ್ ಒಂದೇ ಸಲಕ್ಕೆ. ಬಳಸಿದ್ದನ್ನು ಗೀಟು ಹಾಕಿ ಹೊಡೆಯಿರಿ. ಹೊಸ ಪಟ್ಟಿ ತೆಗೆದರೆ ಹಳೇ ಪಟ್ಟಿ ಪೂರಾ ರದ್ದು, ಹಾಗಾಗಿ ಕಾಗದದ ಮೇಲೆ ತಾರೀಕು ಹಾಕಿ. ಜೆಲ್ ಪೆನ್ನಿನ ಶಾಯಿ ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಹರಡ್ತದೆ, ಬಾಲ್ ಪೆನ್ನಿನಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಜಾಗದ ದಾಖಲೆಗಳ ಒಟ್ಟಿಗೆ ಕಪಾಟಿನಲ್ಲಿ ಇಡಿ. ಗಲ್ಫಿನಲ್ಲಿ ಇರುವವರಾದರೆ ಇನ್ನೊಂದು ಪ್ರತಿ ಅಲ್ಲಿಯ ರೂಮಿನಲ್ಲಿ ಪಾಸ್‌ಪೋರ್ಟಿನ ಜೊತೆ ಇರಲಿ. ಅದರ ಫೋಟೋ ತೆಗೆದು ಗೂಗಲ್ ಫೋಟೋಸಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಲಾಕ್ ಆಗುವುದು ಅದೇ ಖಾತೆ.

ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಅಥೆಂಟಿಕೇಟರ್ ಆ್ಯಪಿಗೂ ಇದೇ ಮಾತು. ಅದು 30 ಸೆಕೆಂಡಿಗೊಮ್ಮೆ 6 ಅಂಕಿ ಕೊಡ್ತದೆ. ಅದಕ್ಕೆ ಸಿಮ್ ಬೇಡ, ನೆಟ್ ಬೇಡ, ಫೋನಿನ ಗಡಿಯಾರ ಸರಿ ಇದ್ದರೆ ಸಾಕು. ಗಲ್ಫಿನಲ್ಲಿ ಇರುವವರಿಗೆ ಮೆಸೇಜಿಗಿಂತ ಇದೇ ಗಟ್ಟಿ. ಆದರೆ 2023ರಿಂದ ಗೂಗಲ್ ಅಥೆಂಟಿಕೇಟರ್ ತನ್ನ ಪ್ರತಿಯನ್ನು ಗೂಗಲ್ ಖಾತೆಯಲ್ಲೂ ಇಡಬಲ್ಲದು. ಅದೊಂದನ್ನೇ ನಂಬಿದರೆ, ಫೋನು ಕಳೆದ ದಿನ ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯ ಒಳಗೇ ಸಿಕ್ಕಿಬೀಳ್ತದೆ. ಕಾಗದ ಬೇಕು ಅನ್ನುವುದು ಅದಕ್ಕೇ.

ಖಾತೆ ಈಗಾಗಲೇ ಲಾಕ್ ಆಗಿದ್ದರೆ? ಮೊದಲ ಮಾತು, ಸರ್ಚ್ ಮಾಡಿದಾಗ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡಿ. ಉಚಿತ ಜಿಮೇಲ್ ಖಾತೆಯನ್ನು ಫೋನಿನಲ್ಲಿ ಬಿಡಿಸಿ ಕೊಡುವವರು ಗೂಗಲ್‌ನಲ್ಲಿ ಯಾರೂ ಇಲ್ಲ. ಹಣ ಕೇಳಿದವರು ವಂಚಕರೇ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಮೇಲೆ ಮನೆಗೆ ಹೋಗಿ. ನಿಜಕ್ಕೂ, ಮನೆಗೇ ಹೋಗಿ. ಆ ಖಾತೆ ಯಾವ ಫೋನಿನಲ್ಲಿ, ಯಾವ ಬ್ರೌಸರಿನಲ್ಲಿ, ಯಾವ ವೈಫೈಯಲ್ಲಿ ದಿನಾ ತೆರೀತಾ ಇತ್ತೋ ಅಲ್ಲಿಂದಲೇ ಗೂಗಲ್ ಅಕೌಂಟ್ ರಿಕವರಿ ಪುಟ ತೆರೆಯಿರಿ. ಸ್ಕ್ರೀನ್ ಒಡೆದ ಹಳೇ ಫೋನು ಇದ್ದರೆ ಚಾರ್ಜಿಗೆ ಹಾಕಿ, ಹೊಸ ಫೋನಿಗಿಂತ ಅದೇ ಬೆಲೆಬಾಳುವ ಸಾಕ್ಷಿ. ಅದನ್ನು ರಿಸೆಟ್ ಮಾತ್ರ ಮಾಡಬೇಡಿ. ಮಾಡಿದರೆ ಗುರುತು ಅಳಿದುಹೋಗ್ತದೆ, ಅಲ್ಲದೆ ಆಂಡ್ರಾಯ್ಡ್ ಮತ್ತೆ ಅದೇ ಖಾತೆಯ ಪಾಸ್‌ವರ್ಡ್ ಕೇಳಿ ಫೋನನ್ನೂ ಕಟ್ಟಿಹಾಕಬಹುದು. ನೆನಪಿರುವ ಕೊನೆಯ ಪಾಸ್‌ವರ್ಡ್ ಕೇಳಿದರೆ ಹಳೆಯದಾದರೂ ಬರೆಯಿರಿ, ಖಾಲಿ ಬಿಡಬೇಡಿ. ಮೇಲಿಂದ ಮೇಲೆ ಪ್ರಯತ್ನಿಸಿದರೆ ಸ್ವಲ್ಪ ಹೊತ್ತು ತಡೆ ಬೀಳ್ತದೆ. ಕೆಲವೊಮ್ಮೆ ಉತ್ತರ ಸರಿ ಇದ್ದರೂ ಕೆಲವು ಗಂಟೆ, ಕೆಲವು ದಿನ ಕಾಯಲು ಹೇಳ್ತದೆ. ಕಾಯಿರಿ.

ಕಳ್ಳರ ಕೈಯಿಂದ ಬಿಡಿಸಿಕೊಂಡ ಖಾತೆಯಾದರೆ ಪಾಸ್‌ವರ್ಡ್ ಬದಲಿಸಿದ ಮೇಲೆ ಜಿಮೇಲಿನ ಸೆಟ್ಟಿಂಗ್ಸಿನಲ್ಲಿ ಫಿಲ್ಟರ್ (ಬಂದ ಮೇಲನ್ನು ತಾನಾಗಿ ವಿಂಗಡಿಸುವ ನಿಯಮ), ಫಾರ್ವರ್ಡಿಂಗ್ (ಮೇಲನ್ನು ಬೇರೆ ವಿಳಾಸಕ್ಕೆ ಕಳಿಸುವುದು) ಎರಡನ್ನೂ ನೋಡಿ. ಬ್ಯಾಂಕಿನ ಮೇಲ್ ಬಂದ ಕೂಡಲೇ ಅಳಿಸುವ ಫಿಲ್ಟರನ್ನು ಅಲ್ಲಿ ಬಿಟ್ಟು ಹೋಗಿರಬಹುದು.

ಇಷ್ಟೆಲ್ಲ ಮಾಡಿದರೂ ಬಾಗಿಲು ತೆರೆಯದೇ ಇರಬಹುದು. ಹಾಗಾಗಿ ಮೇಲ್‌ಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು. ಖಾತೆಯಲ್ಲಿರುವುದರ ಪ್ರತಿ ತೆಗೆದುಕೊಡುವ ಗೂಗಲ್ ಟೇಕೌಟ್ ಪುಟ ತೆರೆದು, ಎಲ್ಲದರ ಗುರುತು ತೆಗೆದು, ಮೇಲ್ ಒಂದನ್ನೇ ಆರಿಸಿ. ಫೈಲ್ 2 ಜಿಬಿ ತುಂಡುಗಳಾಗಿ ಬರಲಿ. ನಮ್ಮ ಕಡೆ ಕರೆಂಟು ಹೋಗಿ ಡೌನ್‌ಲೋಡ್ ನಿಂತರೆ 50 ಜಿಬಿಯ ಒಂದೇ ಫೈಲು ತುಂಬ ಕಾಡ್ತದೆ. ತಯಾರಾದ ಲಿಂಕಿಗೆ ಸುಮಾರು ಒಂದು ವಾರವೇ ಆಯಸ್ಸು. 2 ತಿಂಗಳಿಗೊಮ್ಮೆ, ಒಂದು ವರ್ಷದವರೆಗೆ ತಾನಾಗಿ ತಯಾರಾಗುವ ಹಾಗೆ ಇಡಬಹುದು, ಆದರೆ ಇಳಿಸಿಕೊಳ್ಳಬೇಕಾದವರು ನೀವೇ.

ಬರುವುದು ಎಂಬಾಕ್ಸ್ ಎಂಬ ಮಾದರಿಯ ಫೈಲು. ಡಬಲ್ ಕ್ಲಿಕ್ ಮಾಡಿದರೆ ತೆರೆಯದು. ಕಂಪ್ಯೂಟರಿಗೆ ಥಂಡರ್‌ಬರ್ಡ್ ಎಂಬ ಮೇಲ್ ಓದುವ ಉಚಿತ ಸಾಫ್ಟ್‌ವೇರ್ ಹಾಕಿ, ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಎಂಬ ಆ್ಯಡ್-ಆನ್ ಸೇರಿಸಿ, ಲೋಕಲ್ ಫೋಲ್ಡರ್ಸ್ ಒಳಗೆ ಎಳೆದುಕೊಳ್ಳಿ. ಇದೆಲ್ಲ ಯಾಕೆ, ಥಂಡರ್‌ಬರ್ಡಿಗೆ ಜಿಮೇಲನ್ನು ನೇರ ಐಮ್ಯಾಪ್‌ನಲ್ಲಿ ಜೋಡಿಸಿದರೆ ಸಾಕಲ್ಲ ಅಂತ ಹೇಳುವವರು ಇದ್ದಾರೆ. ಸಾಲದು. ಐಮ್ಯಾಪ್ ಅಂದರೆ ಸರ್ವರಿನ ಕನ್ನಡಿ, ಅಲ್ಲಿ ಅಳಿದದ್ದು ಇಲ್ಲಿಯೂ ಅಳೀತದೆ.

ಎಳೆದುಕೊಂಡ ಮೇಲೆ ಐದಾರು ವರ್ಷ ಹಳೆಯ ಒಂದು ಮೇಲ್ ಹುಡುಕಿ, ಮಾರ್ಕ್ಸ್ ಕಾರ್ಡೋ ವೀಸಾ ಕಾಗದವೋ ಇರುವಂಥದ್ದು. ನೆಟ್ ಆಫ್ ಮಾಡಿ ಅದರ ಅಟ್ಯಾಚ್‌ಮೆಂಟ್ ತೆರೆಯಿರಿ. ತೆರೆದರೆ ಪ್ರತಿ ಸರಿ ಉಂಟು. ತೆರೆಯದಿದ್ದರೆ ಲಿಂಕಿನ ವಾರ ಮುಗಿಯುವ ಮೊದಲು ಆ ತುಂಡನ್ನು ಇನ್ನೊಮ್ಮೆ ಇಳಿಸಿ.